ಚಾಚಾ ತಮ್ಮವೆಂದ ಪುಸ್ತಕಗಳು

ಬೈಂಡಿಂಗ್ ಚಾಚಾರ ಬಲಗೈ ಹೆಬ್ಬೆರಳಿನ ಉಗುರು ಸೀಳಿತ್ತು. ಆ ಸೀಳಿನಲ್ಲಿ ಒಣಗಿದ ಮೈದಾ ಅಂಟು ಸದಾ ಬೆಳ್ಳಗೆ ಕೂತಿರುತ್ತಿತ್ತು. ಬೀದರಿನ ಹಳೆ ಗಲ್ಲಿಯೊಂದರಲ್ಲಿ ಅವರ ಪುಸ್ತಕ ಕಟ್ಟುವ ಅಂಗಡಿ. ನಾನು ಭಾಲ್ಕಿಯಿಂದ ಬಂದು, ಹಾಸ್ಟೆಲಿನಲ್ಲಿದ್ದು ಡಿ.ಎಡ್ ಓದುತ್ತಿದ್ದೆ. ಜೊತೆಗೆ ಒಂದು ಜಪಾನಿ ಚಿತ್ರಕಥೆಯ ಹುಚ್ಚು. ಮೂವತ್ತಕ್ಕೂ ಮಿಕ್ಕಿದ ಸಂಪುಟಗಳು. ಒಬ್ಬ ಹುಡುಗ, ಒಬ್ಬ ಹುಡುಗಿ, ದಿನಾ ಜಗಳ, ನಗು. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಆಡುವುದಿಲ್ಲ. ಹೈದರಾಬಾದಿನ ಹಳೆ ಪುಸ್ತಕದ ರಾಶಿಯಲ್ಲಿ ಇಂಗ್ಲಿಷಿನಲ್ಲಿ ಸಿಕ್ಕಿದ್ದ ಅವು ಹಾಳೆಹಾಳೆಯಾಗಿ ಉದುರುತ್ತಿದ್ದವು.

ಅವನ್ನು ಬಲದಿಂದ ಎಡಕ್ಕೆ ಓದಬೇಕು. ಬಸ್ ಸ್ಟ್ಯಾಂಡ್ ಹತ್ತಿರದ ಬೈಂಡರ್ ಒಬ್ಬ ಇದು ತಿಳಿಯದೆ, ಮೊದಲ ಸಂಪುಟಕ್ಕೆ ಎಡಬದಿಗೆ ಹೊಲಿಗೆ ಹಾಕಿ ಕೆಡಿಸಿದ್ದ. ಚಾಚಾ ಯಾವ ಕಡೆಯಿಂದ ಎಂದು ಕೇಳಲೇ ಇಲ್ಲ, ಬಲಗಡೆಯಿಂದಲೇ ತೆರೆದರು. "ನಮ್ಮ ಉರ್ದು ಕಿತಾಬಿನ ಹಾಂಗೇ ಅದ ಬೇಟಿ. ಇದರಾಗ ತಿಳಿಲಾರದ್ದು ಏನದ?"

ಇಂಗ್ಲಿಷ್ ಬರದಿದ್ದರೂ ಪ್ರತಿ ಸಂಪುಟದ ಚಿತ್ರಗಳನ್ನೆಲ್ಲ ನೋಡಿ ಮುಗಿಸುವವರೆಗೆ ವಾಪಸು ಕೊಡುತ್ತಿರಲಿಲ್ಲ. "ಈ ಹುಡುಗಾ ಯಾಕ ಹೇಳವಲ್ಲ? ಬಾಯಾಗ ಕಡುಬು ತುರುಕ್ಯಾರೇನು ಇವಂಗ?" ಎಂದು ರೇಗುತ್ತಿದ್ದರು. ಅದೇ ಕಥೆಯ ಕಾರ್ಟೂನನ್ನು ಫೋನಿನಲ್ಲಿ ತೋರಿಸಿದರೆ ಕೆಲಸ ಬಿಟ್ಟು ನೋಡಿದರು. ಅದರದೇ ಸಿನಿಮಾ ಮಾತ್ರ ಒಗ್ಗಲಿಲ್ಲ. "ಎರಡು ತಾಸಿನಾಗ ಎಲ್ಲಾ ಮುಗಿಸ್ಯಾರ. ಪ್ರೀತಿ ಹುಟ್ಟಿದ್ದು ಯಾವಾಗ?"

ಒಂದು ದಿನ ನಾನು ಬೈಂಡಿಂಗಿಗೆ ಕೊಟ್ಟಿದ್ದ ಪಾಠದ ರಿಜಿಸ್ಟರ್ ತರಲು ಹೋದಾಗ, ಭಾಲ್ಕಿಯಿಂದ ಬಂದಿದ್ದ ಅಪ್ಪನ ತಮ್ಮ, ನನ್ನ ಕಾಕಾ, ಹಿಂದೆಯೇ ಅಂಗಡಿಗೆ ಬಂದ. ಸ್ವಲ್ಪ ಎಡವಿದರೂ ಕಾಲೇಜು ಬಿಡಿಸಿ ಲಗ್ನ ಮಾಡುತ್ತೇನೆಂದು ಗದರಿಸಿಯೇ ನನ್ನನ್ನು ಕಳಿಸಿದ್ದವನು ಅವನು. ಹಲಗೆಯ ಮೇಲೆ ತೆರೆದಿದ್ದ ಪುಟದಲ್ಲಿ ಹುಡುಗ ಕೊನೆಗೂ ಹುಡುಗಿಗೆ ಮುತ್ತು ಕೊಡುತ್ತಿದ್ದ.

"ಯಾರ ಪುಸ್ತಕ ಇದು?"

ಚಾಚಾ ನನ್ನ ಮುಖ ನೋಡಿದರು. "ನಂದು ರಿ ಸಾಹೇಬ್ರ. ಬೇಟಿ ರಿಜಿಸ್ಟರ್ ಒಯ್ಲಿಕ್ಕ ಬಂದಾಳ."

"ಬಿಳಿ ಗಡ್ಡಾ ಬಿಟ್ಕೊಂಡು ಇಂಥಾವ ನೋಡ್ತಿ? ನಾಚಿಕಿ ಬರಂಗಿಲ್ಲೇನೋ ಮುದುಕಾ?"

ಗಲ್ಲಿಗೆ ಗಲ್ಲಿಯೇ ಬಾಗಿಲಿಗೆ ಬಂತು. ಕಾಕಾ ಪುಸ್ತಕ ಹರಿದು ಗಟಾರಕ್ಕೆಸೆದ. ನಾನು ರಿಜಿಸ್ಟರ್ ಎತ್ತಿಕೊಂಡು ಅವನ ಹಿಂದೆ ನಡೆದೆ. ವಾರದ ಮೇಲೆ ಮುಖ ತಗ್ಗಿಸಿ ಹೋದರೆ ಚಾಚಾ ನಕ್ಕರು. "ನಿನ್ನ ಓದು ನಡೀಲಿ. ನನಗೇನು ಲಗ್ನಾ ಆಗೂದದೇನು?"

ಕಾಕಾನ ಮೇಲೆ ಇಂದಿಗೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಚಾಚಾರ ಮೇಲೂ ಇದೆ: ಆ ದೊಡ್ಡತನ ಯಾರು ಕೇಳಿದ್ದರು? ಓದು ಮುಗಿಸಿದೆ, ಔರಾದ್ ಕಡೆಯ ಸಾಲೆಯಲ್ಲಿ ನೌಕರಿ ಸಿಕ್ಕಿತು. ಇನ್ನು ಕಾಕಾನಿಗೂ ಹೆದರಬೇಕಾಗಿರಲಿಲ್ಲ. ಆದರೂ ಆ ಗಲ್ಲಿಯಲ್ಲಿ ನಿಂತು ನಿಜ ಹೇಳುವುದನ್ನು ಇಂದು ನಾಳೆ ಎಂದು ಮುಂದೂಡಿದೆ, ಹೇಡಿ.

ಕೊನೆಗೊಮ್ಮೆ ಹೋದಾಗ ಚಾಚಾರ ಅಂಗಡಿ ಮುಚ್ಚಿತ್ತು. ಎದುರಿನ ಚಹಾದವನನ್ನು ಕೇಳಿದೆ.

"ಆ ಗಲೀಜು ಚಿತ್ರದ ಮುದುಕಾ ಏನ್ರಿ? ತೀರಿ ಹೋದ ರಿ," ಎಂದು ನಕ್ಕ.

"ಆ ಪುಸ್ತಕ ನನ್ನವು ರಿ."

"ಹೋಗ್ಲಿ ಬಿಡ್ರಿ ಮೇಡಂ. ಸತ್ತವರ ಮಾತು ಈಗ್ಯಾಕ?"

ಗಲ್ಲಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಅವನು ಚಹಾ ಸೋಸುತ್ತಿದ್ದ, ತಲೆ ಎತ್ತಲಿಲ್ಲ.