ಅಮೆಯ ದಿನಗಳಲ್ಲಿ ಬಂದ ಗಾಳಿ

ಮಕ್ಕಳೇ, ನಿಮ್ಮಲ್ಲಿ ಚಿಕ್ಕವಳು ಹುಟ್ಟಿ ಆಗ ಹನ್ನೊಂದು ದಿನ. ನಿಮ್ಮ ಅಮ್ಮ, ನನ್ನ ಮಗಳು, ಬಾಣಂತಿಯಾಗಿ ನನ್ನ ಮನೆಯ ಒಳಕೋಣೆಯಲ್ಲಿ ಮಲಗಿದ್ದಳು; ದೊಡ್ಡವರು ನೀವು ಅಪ್ಪನ ಜೊತೆ ನಿಮ್ಮ ಮನೆಯಲ್ಲಿದ್ದಿರಿ. ಬೆಳಿಗ್ಗೆ ಪಂಚಾಯತಿನ ಜೀಪು ಮೈಕ್ ಕಟ್ಟಿಕೊಂಡು ಕಡಲ ಬದಿಯ ದಾರಿಯಲ್ಲಿ ಎರಡು ಸಲ ಹೋಯಿತು. ಸಂಜೆಯೊಳಗೆ ಚಂಡಮಾರುತದ ಗಾಳಿ ಬರುತ್ತದೆ, ಶಾಲೆಯಲ್ಲಿ ಕ್ಯಾಂಪ್ ತೆರೆದಿದೆ ಎಂದು ಮಲಯಾಳದಲ್ಲಿ ಕೂಗಿ ಹೇಳಿದರು.

ಕಡಲ ಬದಿಯಲ್ಲೇ ಬೆಳೆದ ನಮಗೆ ಹೆದರಿಕೆ ಎಂದರೆ ನೀರು. ಮಳೆಗಾಲದಲ್ಲಿ ಅದು ಅಂಗಳಕ್ಕೆ ಬರುತ್ತದೆ, ನಮ್ಮ ಸಾಮಾನು ಅಟ್ಟಕ್ಕೆ ಹೋಗುತ್ತದೆ. ಆ ದಿನವೂ ನಾನು ಹಾಗೆಯೇ ಮಾಡಿದೆ. ಅಕ್ಕಿ, ಕೂಸಿಗೆಂದು ಹರಿದಿಟ್ಟ ಹಳೆ ಸೀರೆಯ ತುಂಡುಗಳು, ಬಾಣಂತಿಯ ಲೇಹ್ಯದ ಭರಣಿ, ಎಲ್ಲವನ್ನೂ ಒಬ್ಬಳೇ ಏಣಿ ಹತ್ತಿ ಮೇಲಿಟ್ಟೆ. ಕ್ಯಾಂಪಿಗೆ ಹೋಗಲು ಮನಸ್ಸಿರಲಿಲ್ಲ. ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯಲು ಇನ್ನೂ ಐದು ದಿನವಿತ್ತು. ಹೆರಿಗೆಯಾದ ಮನೆಯವರು ಹದಿನಾರು ದಿನ ಇನ್ನೊಬ್ಬರ ಮೆಟ್ಟಿಲು ಹತ್ತುವುದಿಲ್ಲ. ಅಲ್ಲದೆ ಹತ್ತು ಜನರ ಎದುರು ನಿಲ್ಲುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ.

ಮಧ್ಯಾಹ್ನ, ನೀವು ಮಾಮಿ ಎಂದು ಕರೆಯುವ ಪಕ್ಕದ ಬ್ಯಾರಿ ಮುಸ್ಲಿಮರ ಮನೆಯವರು ಗೋಡೆಯಾಚೆಯಿಂದ ಇಣುಕಿದರು.

“ಅಕ್ಕಾ, ಎಂತ ಮಾಡ್ತಾ ಇದ್ದೀರಿ?”

“ಸಾಮಾನು ಅಟ್ಟಕ್ಕೆ ಹಾಕಿದೆ.”

“ಅಟ್ಟಕ್ಕಾ? ಈ ಸಲ ಬರುವುದು ಗಾಳಿ. ಅದು ಮೊದಲು ಹಂಚನ್ನೇ ಹಿಡಿಯುವುದು. ಗಾಳಿಗೆ ಎತ್ತಲು ಸುಲಭ ಆಗಲಿ ಅಂತ ಇಟ್ಟದ್ದಾ ಮಾರಾಯ್ತಿ?”

ನಾನು ಮೇಲೆ ನೋಡಿದೆ. ಬಾಣಂತಿಯ ಕೋಣೆಗೂ ಅದೇ ಹಂಚು.

“ಕೂಸನ್ನು ಹಿಡ್ಕೊಂಡು ನಮ್ಮಲ್ಲಿಗೆ ಬನ್ನಿ. ಟೆರೇಸ್ ಮನೆ, ಹಾರಲಿಕ್ಕೆ ಎಂತದೂ ಇಲ್ಲ.”

“ಅಮೆ ಉಂಟಲ್ಲ,” ಎಂದೆ, ನೆಲ ನೋಡುತ್ತಾ.

“ನಮ್ಮಲ್ಲೂ ಬಾಣಂತಿಗೆ ನಲವತ್ತು ದಿನ ಉಂಟು, ನನಗೆ ಗೊತ್ತಿಲ್ವಾ? ನಿಮ್ಮ ಅಮೆಗೆ ಬೇರೆ ಚಾಪೆ ಹಾಸ್ತೇನೆ, ಬನ್ನಿ!”

ಒಳಗಿನಿಂದ ನಿಮ್ಮ ಅಮ್ಮ ನಕ್ಕದ್ದು ಕೇಳಿಸಿತು.

ಮಾಮಿಯೇ ಬಂದು ಏಣಿ ಹಿಡಿದರು. ಮೇಲಿಟ್ಟದ್ದನ್ನೆಲ್ಲ ಇಳಿಸಿದೆವು. ಕೂಸನ್ನು ತಮ್ಮ ಶಾಲಿನೊಳಗೆ ಮುಚ್ಚಿಕೊಂಡು ಅವರು ಮುಂದೆ ನಡೆದರು, ನಿಮ್ಮ ಅಮ್ಮನ ಕೈ ಹಿಡಿದುಕೊಂಡು ನಾನು ಹಿಂದೆ. ಅಲ್ಲಿ ನಮಗೆಂದೇ ಒಂದು ಕೋಣೆ ಗುಡಿಸಿಟ್ಟಿದ್ದರು. ಬಾಣಂತಿಯ ನೀರು ಕಾಯಿಸಲು ಬೇರೆಯೇ ಹಂಡೆ ಇಟ್ಟಿದ್ದರು. ನಾನು ಅದನ್ನು ಬಾಯಿಬಿಟ್ಟು ಕೇಳಿರಲೇ ಇಲ್ಲ.

ಕತ್ತಲಾಗುವ ಮೊದಲೇ ಗಾಳಿ ಎದ್ದಿತು. ಬೆಳಿಗ್ಗೆ ಹೋಗಿ ನೋಡಿದರೆ ಒಳಕೋಣೆಯ ಹಂಚಿನ ಮಾಡು ಅರ್ಧ ಇರಲಿಲ್ಲ. ಕೂಸು ಮಲಗುತ್ತಿದ್ದ ಜಾಗದ ತುಂಬ ಹಂಚಿನ ಚೂರು.

ಮಾಮಿಯ ಮನೆಗೆ ಮರಳಿದೆ. ಅವರ ಅಂಗಳದಲ್ಲಿ ಬಿದ್ದ ತೆಂಗಿನ ಮಡಲುಗಳನ್ನು ಬದಿಗೆ ಎಳೆದು ಗುಡಿಸತೊಡಗಿದೆ. ಅವರು ನನ್ನ ಕೈಯ ಹಿಡಿಸೂಡಿ ಕಿತ್ತುಕೊಂಡರು.

“ಬಾಣಂತಿಗೆ ಬಿಸಿನೀರು ಹಾಕುವುದು ಯಾರು, ನಾನಾ?”

ಮಾಡು ಸರಿಯಾಗುವವರೆಗೆ ನಾವು ಅಲ್ಲೇ ಇದ್ದೆವು. ಹದಿನಾರನೆಯ ದಿನ ನಮ್ಮ ಅಮೆ ಕಳೆದದ್ದು ಅವರ ಬಾವಿಯ ನೀರಿನಲ್ಲಿ ಮಿಂದು.