ಅಳಿವೆ ಮುಚ್ಚಿದ ಕಾಲು

ಹ್ಯಾಂಬರ್ಗಿಗೆ ಬಂದ ಮೊದಲ ವಾರವೇ ಬೆಚ್ಚಿಬಿದ್ದೆ. ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ರೋಗಿಯ ಮುಖಕ್ಕೇ ನೇರವಾಗಿ, "ಇದು ಕ್ಯಾನ್ಸರ್, ಗುಣವಾಗುವುದಿಲ್ಲ" ಎಂದರು. ಆತ ತಲೆಯಾಡಿಸಿ, ಕೋಟು ಹಾಕಿಕೊಂಡು ಬಸ್ಸು ಹಿಡಿಯಲು ಹೋದ. ನಮ್ಮ ಬೈಂದೂರಿನ ಕಡೆ ಇಂಥ ಸುದ್ದಿ ಮನೆಯವರಿಗೆ, ನೆರೆಯವರಿಗೆ, ಮೀನು ಕೊಳ್ಳಲು ಬಂದವರಿಗೂ ಗೊತ್ತಿರುತ್ತದೆ. ಮಲಗಿದವನಿಗೆ ಮಾತ್ರ ಅದು ಬರೀ ಗಡ್ಡೆ.

ಇದೂ ಬಂದರಿನ ಊರೇ. ಬೆಳಿಗ್ಗೆಯಾಗಲಿ, ಸಂಜೆಯಾಗಲಿ ಇಲ್ಲಿಯವರ ನಮಸ್ಕಾರ "ಮೊಯಿನ್". ಅದರಾಚೆ ಮಾತು ಬೆಳೆಯುವುದಿಲ್ಲ. ಒಣಮೀನು ಸುಟ್ಟ ದಿನ ಮಾತ್ರ ಮೇಲಿನ ಮನೆಯಾಕೆ ಬಾಗಿಲಿಗೆ ಬಂದು ನಾಲ್ಕು ಮಾತಾಡಿದಳು, ನಾಲ್ಕೂ ಬೈಗುಳ. ಯಾರೋ ಮನೆಗೆ ಬಂದರಲ್ಲ ಎಂದು ನನಗೆ ಸಂತೋಷವೇ ಆಯಿತು.

ಗಡ್ಡೆಗಳ ಎಂಆರ್‌ಐ ಚಿತ್ರಗಳನ್ನು ಬಿಡಿಸಿ ನೋಡುವುದು ನನ್ನ ಕೆಲಸ. ಮಾಂಸದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಅಲೆದಾಡುತ್ತವೆ ಎಂಬುದನ್ನು ಈ ಸ್ಕ್ಯಾನ್ ಅಳೆಯುತ್ತದೆ. ಒಂದೇ ನಡತೆಯ ಚುಕ್ಕೆಗಳನ್ನೆಲ್ಲ ಕಂಪ್ಯೂಟರ್ ಗುಂಪು ಮಾಡುತ್ತದೆ, ಬಲೆಯಿಂದ ಸುರಿದ ಮೀನಿನ ರಾಶಿಯಲ್ಲಿ ಬಂಗುಡೆ ಬೇರೆ, ಬೂತಾಯಿ ಬೇರೆ ಮಾಡಿದ ಹಾಗೆ. ಜೀವಕೋಶಗಳು ಕಿಕ್ಕಿರಿದು ಗಡ್ಡೆ ಬೆಳೆಯುತ್ತಿರುವಲ್ಲಿ ನೀರಿಗೆ ಅಲುಗಲು ಜಾಗವಿರುವುದಿಲ್ಲ. ಆ ಗುಂಪಿಗೆ ನಾನು ಕೆಂಪು ಕೊಡುತ್ತೇನೆ. ಯಾವ ಚಿತ್ರದ ಮೇಲೂ ರೋಗಿಯ ಹೆಸರಿರುವುದಿಲ್ಲ.

ಹೆಸರಿದ್ದು ಬಂದ ಒಂದೇ ಸ್ಕ್ಯಾನ್ ನನ್ನ ಅಣ್ಣನದು. ಅವನು ದೋಣಿಯವನು. ಕಾಲಿನ ಮೀನಖಂಡದ ಮೇಲೆ ಎದ್ದ ಗಂಟಿಗೆ, ಹಗ್ಗ ತಾಗಿದ್ದು ಎಂದು ಎಣ್ಣೆ ತಿಕ್ಕುತ್ತಲೇ ಇದ್ದ. ಮಂಡಿಯ ಕೆಳಗೆ ಕಾಲು ತೆಗೆಯಬೇಕು ಎಂದು ಕುಂದಾಪುರದ ಡಾಕ್ಟರು ಹೇಳಿದಾಗ ಒಪ್ಪಲಿಲ್ಲ. ತಂಗಿ ನೋಡಿ ಹೇಳಲಿ ಎಂದನಂತೆ. ಸ್ಕ್ಯಾನ್ ಕಳಿಸಿದ ಅತ್ತಿಗೆ ಜೊತೆಗೊಂದು ಮಾತೂ ಕಳಿಸಿದಳು: "ಕ್ಯಾನ್ಸರ್ ಅಂದೇಳಿ ಹೇಳ್ಬೇಡ ಮಾರಾಯ್ತಿ. ಹೆದ್ರಿ ಊಟ ಬಿಡ್ತ್ರ್."

ಮನೆಯ ಕಂಪ್ಯೂಟರಿನಲ್ಲಿ ಮೀನಖಂಡ ಪೂರ್ತಿ ಕೆಂಪಾಯಿತು. ಡಾಕ್ಟರು ಹೇಳಿದ್ದನ್ನೇ ನನ್ನ ಬಣ್ಣವೂ ಹೇಳಿತು. ವಿಡಿಯೋದಲ್ಲಿ ಅಣ್ಣ ಕಾಯುತ್ತಿದ್ದ. ಅತ್ತಿಗೆಯ ಮಾತು ಮೀರಲಾಗದೆ, "ಅಲ್ಲಿ ನೀರ್ ಓಡ್ತಿಲ್ಲೆ ಅಣ್ಣ" ಎಂದೆ.

ಅವನ ಮುಖ ಅರಳಿತು. "ನೀರ್ ನಿಂತ್ರೆ ಒಳ್ಳೇದೇ ಅಲ್ದಾ ಹೆಣ್ಣೇ? ಹಾಂಗಾರೆ ಕಾಲ್ ಎಂತಕೆ ತೆಗುದ್?"

ಹೊಳೆ ಕಡಲು ಸೇರುವ ಅಳಿವೆಯ ಸೆಳೆತಕ್ಕೆ ಬದುಕಿಡೀ ಹೆದರಿದವನಿಗೆ ನಿಂತ ನೀರೆಂದರೆ ದೋಣಿ ಕಟ್ಟುವ ಜಾಗ. ನನ್ನ ಅರ್ಧ ಮಾತೇ ಅವನನ್ನು ಕೊಲ್ಲುತ್ತದೆ ಎಂದು ಹೊಳೆಯಿತು. ಹಿಂದೆ ನಿಂತ ಅತ್ತಿಗೆ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು.

"ಅದ್ ನಿಂತ ನೀರಲ್ಲ. ಅಳ್ವೆ ಮುಚ್ಚಿತ್. ಕ್ಯಾನ್ಸರ್. ಕಾಲ್ ಇಟ್ಕಂಡ್ರೆ ನೀ ಉಳುದಿಲ್ಲೆ."

ಆ ವೈದ್ಯೆ ಹೇಳಿದಂತೆಯೇ ಹೇಳಿಬಿಟ್ಟಿದ್ದೆ. ಮರಳು ತುಂಬಿ ಅಳಿವೆ ಮುಚ್ಚಿದರೆ ದೋಣಿಗೆ ದಾರಿಯಿಲ್ಲ ಎಂಬುದು ಅಣ್ಣನಿಗೆ ಗೊತ್ತು; ಲುಂಗಿ ಸರಿಸಿ ಕಾಲು ನೋಡಿಕೊಂಡ. ಅತ್ತಿಗೆ ಫೋನು ಕಸಿದು, "ನೀ ಈಗ ಅಲ್ಲಿಯೋಳೇ ಆದೆ" ಎಂದಳು. ಇಂದಿಗೂ ಅವಳು ನನ್ನೊಂದಿಗೆ ಮಾತಾಡುವುದಿಲ್ಲ.

ಕಾಲು ತೆಗೆದರು. ಅಣ್ಣ ಬದುಕಿದ್ದಾನೆ, ದೋಣಿಗೆ ಹೋಗುವುದಿಲ್ಲ. ಮೊನ್ನೆ ಅವನೇ ಫೋನು ಮಾಡಿ ಕೇಳಿದ: "ಆ ಚಿತ್ರ ಇನ್ನೂ ಇತ್ತಾ, ಅಳ್ಸ್‌ಬಿಟ್ಯಾ?"

"ಇತ್ತ್."

"ಇರ್ಲಿ. ನನ್ ಕಾಲ್ ಅಲ್ಲೊಂದೇ ಕಡೆ ಇಪ್ಪುದ್."

ಊರಿಗೆ ಹೋಗೋಣವೆಂದು ಟಿಕೆಟು ಹುಡುಕುವಾಗಲೆಲ್ಲ, ಆ ಕಾಲನ್ನು ಈ ಪರದೇಶದಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ ಎನಿಸುತ್ತದೆ.