ಇಳಿಕೆಗೆ ಸಿಕ್ಕಿಬಿದ್ದ ಮುಳ್ಳು

ವಿಮಾನದ ಮೀಟರು ರಿಪೇರಿ ಮಾಡುವ ಆ ಶೆಡ್ಡಿನಲ್ಲಿ ಹಿರಿಸೊಸೆಗೂ ಕಿರಿಸೊಸೆಗೂ ಒಂದೇ ಮೇಜು. ಮೈದುನ ಮದುವೆಯಾಗಿ ಕರೆತಂದವಳಿಗೆ ಕೈಹಿಡಿದು ಕೆಲಸ ಕಲಿಸಿದವಳು ಹಿರಿಯವಳೇ. ಈಗ ಕಿರಿಯವಳ ಕೈ ಓಡುವುದನ್ನು ಕಂಡರೆ ಹಿರಿಯವಳ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗೆ. ಮನೆಯಲ್ಲಿ ಅತ್ತೆಗೂ ಕಿರಿಯವಳೇ ಬೇಕು, ತನ್ನ ಸ್ವಂತ ಮಗಳಿಗೂ ಜಡೆ ಹಾಕಲು ಚಿಕ್ಕಮ್ಮನೇ ಬೇಕು. ಉಳಿದಿದ್ದು ಪರೀಕ್ಷೆ ಕೋಣೆಯ ಖಾಲಿ ಕುರ್ಚಿಯೊಂದೇ. ಅದರಲ್ಲಿ ಹಿರಿಯವಳು ಮನಸ್ಸಿನಲ್ಲೇ ಕೂತೂ ಬಿಟ್ಟಿದ್ದಳು.

ಆ ಹುದ್ದೆ ಯಾರಿಗೆ ಕೊಡುವುದೆಂದು ನೋಡಲು ಫೋರ್‌ಮನ್ ಇಬ್ಬರಿಗೂ ಒಂದೊಂದು ಮೀಟರು ಕೊಟ್ಟರು, ವಿಮಾನ ಎಷ್ಟು ಬೇಗ ಏರುತ್ತಿದೆ, ಇಳಿಯುತ್ತಿದೆ ಎಂದು ತೋರಿಸುವಂಥದ್ದು. ಅದರೊಳಗೊಂದು ಟೊಳ್ಳು ಬಿಲ್ಲೆ, ತೆಳ್ಳನೆಯ ಲೋಹದ್ದು. ಹೊರಗಿನ ಗಾಳಿ ಬಿಲ್ಲೆಯೊಳಕ್ಕೆ ನೇರ ಹೋಗಿಬರುತ್ತದೆ. ಸುತ್ತಲಿನ ಡಬ್ಬಿಗೆ ಮಾತ್ರ ಕೂದಲೆಳೆಯಷ್ಟು ಸಣ್ಣ ತೂತಿನಿಂದ, ತಡವಾಗಿ. ಏರುವಾಗ ಒತ್ತಡ ತಗ್ಗಿ ಬಿಲ್ಲೆ ಕುಗ್ಗುತ್ತದೆ, ಇಳಿಯುವಾಗ ಉಬ್ಬುತ್ತದೆ. ಡಬ್ಬಿಯ ಗಾಳಿ ಹಿಂದೆ ಬಿದ್ದಷ್ಟೂ ಮುಳ್ಳು ಸರಿಯುತ್ತದೆ. ಪರೀಕ್ಷಿಸಲು ನಳಿಕೆ ಸಿಕ್ಕಿಸಿ ಗಾಳಿ ಎಳೆಯಬೇಕು. ಗಾಳಿ ಮತ್ತೆ ಒಳಬಿಡುವಾಗ ನಳಿಕೆಯ ತಿರುಪನ್ನು ಹಸುಗೂಸಿನ ಮುಷ್ಟಿ ಬಿಡಿಸಿದ ಹಾಗೆ ಮೆಲ್ಲಗೆ ಸಡಿಲಿಸಬೇಕು. ಗಾಳಿ ಒಮ್ಮೆಗೇ ನುಗ್ಗಿದರೆ ಬಿಲ್ಲೆಯ ಕಥೆ ಮುಗಿಯಿತು.

ಕಿರಿಯವಳದು ಮೊದಲು ಮುಗಿಯಿತು.

"ಏನ್ ಕೈಯಮ್ಮ ನಿಂದು, ಬೆಣ್ಣೆಯಿಂದ ಕೂದಲು ತೆಗ್ದ ಹಾಗೆ!" ಎಂದರು ಫೋರ್‌ಮನ್.

"ಎಲ್ಲಾ ಅಕ್ಕ ಕಲಿಸಿದ್ದು ಸಾರ್."

ಆ ಮಾತಿಗೆ ಹಿರಿಯವಳ ಮೈಯೆಲ್ಲ ಉರಿದುಹೋಯಿತು. ತಿರುಪು ಮರೆತು ನಳಿಕೆಯನ್ನೇ ಸರಕ್ಕನೆ ಕಿತ್ತಳು. ಮುಳ್ಳು ಇಳಿಕೆಯ ತುದಿಗೆ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಫೋರ್‌ಮನ್ ಆ ಕಡೆ ತಿರುಗಿದ್ದರು, ನೋಡಲಿಲ್ಲ.

ಕಿರಿಯವಳು ನೋಡಿದಳು. ಹತ್ತಿರ ಬಂದು ಪಿಸುಗುಟ್ಟಿದಳು: "ಅಕ್ಕಾ, ಸುಮ್ನಿರಿ. ನಾನು ಎಡವಿ ನಳಿಕೆ ಎಳೆದ್ಬಿಟ್ಟೆ ಅಂತೀನಿ. ನಂಗಿನ್ನೂ ವಯಸ್ಸಿದೆ, ಕುರ್ಚಿ ನೀವೇ ತಗೊಳ್ಳಿ."

ಹಿರಿಯವಳು ಅವಳ ಮುಖ ನೋಡಿದಳು. ಕಪಟ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಕೈಚಳಕ ಇವಳದು, ಅತ್ತೆ ಇವಳ ಕಡೆ, ಇನ್ನು ತ್ಯಾಗ ಮಾಡಿದ ಹೆಸರೂ ಇವಳಿಗೇ? ದಿನಾ ಆ ಕುರ್ಚಿಯಲ್ಲಿ ಕೂತು ಇವಳ ಒಳ್ಳೆಯತನವನ್ನು ಹೊರಬೇಕೆ?

"ಸಾರ್," ಎಂದಳು ಶೆಡ್ಡಿಗೆಲ್ಲ ಕೇಳುವ ಹಾಗೆ, "ನಳಿಕೆ ಕಿತ್ತವಳು ನಾನೇ. ಬಿಲ್ಲೆ ಹೋಯ್ತು."

"ನೀವಾ? ಇಷ್ಟು ವರ್ಷ ಕೆಲಸ ಮಾಡಿದವರು?"

"ಹೂಂ, ನಾನೇ. ಇವಳು ಬೇರೆ ಏನಾದ್ರೂ ಹೇಳಿದ್ರೆ ನಂಬಬೇಡಿ."

ಕುರ್ಚಿ ಕಿರಿಯವಳಿಗೆ ಹೋಯಿತು. ಸಂಜೆ ಅವಳು ಅತ್ತೆಯ ಮುಂದೆ, "ಅಕ್ಕ ಸುಮ್ನಿದ್ದಿದ್ರೆ ಕುರ್ಚಿ ಅವರಿಗೇ ಸಿಗ್ತಿತ್ತು ಅತ್ತೆ, ನಿಜ ಹೇಳ್ಬಿಟ್ರು," ಎಂದು ಕಣ್ಣೊರೆಸಿಕೊಂಡಳು.

"ಚಿನ್ನದಂಥವಳು ಕಣೇ ನನ್ನ ದೊಡ್ಡ ಸೊಸೆ," ಎಂದರು ಅತ್ತೆ, ಎಷ್ಟೋ ವರ್ಷಗಳ ಮೇಲೆ.

ಹಿರಿಯವಳು ಪಾತ್ರೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದಳು. ಈ ಹೊಗಳಿಕೆಯನ್ನೂ ಕೊಡಿಸಿದವಳು ಆ ಕಿರಿಯವಳೇ ಆಗಿಬಿಟ್ಟಳಲ್ಲ!